ಪಾಳಿಯ ಹಾಸಿಗೆ

ಕಟ್ಟುವ ಹಲ್ಲು ತಯಾರಿಸುವ ವಿದ್ಯೆ ಕಲಿಯಲು ಬಂದ ಹುಡುಗ ಹುಡುಗಿಯರ ನಡುವೆ ಅವಳೊಬ್ಬಳೇ ಹೆಂಗಸು. ಮೊದಲ ದಿನ ಪ್ಲಾಸ್ಟರ್ ಧೂಳಿನ ಆ ಪ್ರಯೋಗಶಾಲೆಗೆ ಕಾಲಿಟ್ಟಾಗ, ಮೇಡಂ ಬಂದರು ಎಂದುಕೊಂಡು ಹಿಂದಿನ ಬೆಂಚಿನವರು ಎದ್ದು ನಿಂತರು. ಅವಳು ನೆಟ್ಟಗೆ ಹೋಗಿ ಅವರ ಪಕ್ಕದಲ್ಲೇ ಕೂತಳು. ಎದ್ದವರಲ್ಲೊಬ್ಬ ಕೂರುವುದನ್ನೇ ಮರೆತು ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಅವಳಿಗೊಂದು ಅಡ್ಡಹೆಸರು ಬಿದ್ದಾಗಿತ್ತು: ಬುದ್ಧಿಹಲ್ಲು.

“ಬೇಜಾರು ಮಾಡ್ಕೋಬೇಡಿ ಅಕ್ಕಾ. ಮಿಕ್ಕ ಹಲ್ಲೆಲ್ಲ ಬಂದು ಕೂತ ಮೇಲೆ ಬರೋದು ಅದು, ಅದಕ್ಕೇ ಹಂಗೆ ಕರೆದ್ವಿ.”

“ಬಂದ್ಮೇಲೆ ಅದಕ್ಕೆ ಜಾಗ ಇರಲ್ಲ. ಪಕ್ಕದೋರನ್ನ ತಳ್ಳುತ್ತೆ,” ಎಂದ ಇನ್ನೊಬ್ಬ.

“ತಳ್ಳಿಸ್ಕೊಳ್ಳೋಕೆ ಮುಂಚೆ ನೀನೇ ಸರಿ ಮತ್ತೆ,” ಎಂದು ಅವಳು ಮೊಣಕೈಯಿಂದ ಅವನನ್ನು ತಿವಿದಳು. ಬೆಂಚು ಪೂರ್ತಿ ನಕ್ಕಿತು.

ಅವಳೂ ನಕ್ಕಳು. ಆದರೆ ಜಾಗ ಇರಲ್ಲ ಎಂಬ ಮಾತು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ಕಡ್ಡಿಯ ಹಾಗೆ ಉಳಿದುಬಿಟ್ಟಿತು. ಅವಳ ಬಟ್ಟೆಬರೆಯ ಚೀಲ ಆ ಹೊತ್ತಿನಲ್ಲಿ ಅದೇ ಬೆಂಚಿನ ಕೆಳಗಿತ್ತು. ರೈಲು ನಿಲ್ದಾಣದ ಹೆಂಗಸರ ತಂಗುಕೋಣೆಯಿಂದ ಎದ್ದು ಬಂದಿದ್ದಳು. ಅಲ್ಲಿಯ ಆಯಾ ಬೆಳಿಗ್ಗೆ ಅವಳನ್ನು ಮೇಲಿಂದ ಕೆಳಗೆ ನೋಡಿ, “ನಿಮ್ಮ ರೈಲು ಯಾವಾಗಮ್ಮ ಬರೋದು?” ಎಂದು ಕೇಳಿದ್ದಳು.

ಬುದ್ಧಿಹಲ್ಲಿನ ಹಿಂದಿನ ಕತೆ ಉದ್ದದ್ದೇನಲ್ಲ. ದಂತವೈದ್ಯರೊಬ್ಬರ ಬಳಿ ಬಹಳ ವರ್ಷ ಸಹಾಯಕಿಯಾಗಿದ್ದಳು. ರೋಗಿಯ ಬಾಯಿಂದ ಉಗುಳು ಹೀರುವ ಕೊಳವೆ ಹಿಡಿಯುವುದು, ಅಚ್ಚಿಗೆ ಪ್ಲಾಸ್ಟರ್ ಕಲಸುವುದು, ಹೆದರಿ ನಡುಗುವ ದೊಡ್ಡ ದೊಡ್ಡ ಗಂಡಸರ ಕೈ ಹಿಡಿದು ಕೂರುವುದು ಅವಳ ಕೆಲಸ. ವೈದ್ಯರಿಗೆ ವಯಸ್ಸಾಯಿತು, ಕೈ ನಡುಗತೊಡಗಿತು, ಬಾಗಿಲು ಹಾಕಿದರು. ಹಾಕುವಾಗ, “ನಿನ್ನ ಕೈಗೆ ಕೆಲಸ ಬರುತ್ತೆ, ಸರ್ಟಿಫಿಕೇಟು ಇಲ್ಲ ಅಷ್ಟೇ. ಹೋಗಿ ತಗೋ,” ಎಂದರು. ಮದುವೆಯಾಗಿರಲಿಲ್ಲ. ತಾಯಿ ಹೋದ ಮೇಲೆ ತಮ್ಮನನ್ನು ಓದಿಸಿ, ಅವನ ಮದುವೆ ಮಾಡಿ, ಅವನ ಮನೆಯಲ್ಲೇ ಇದ್ದಳು. ತಮ್ಮ ಕೆಟ್ಟವನಲ್ಲ. ನಾದಿನಿಯೂ ಕೆಟ್ಟವಳಲ್ಲ. ಅಕ್ಕ ಮನೆಯಲ್ಲೇ ಇರುತ್ತಾಳಲ್ಲ ಎಂಬ ಒಂದೇ ಮಾತಿನ ಮೇಲೆ ಅವರ ಸಂಸಾರ ಸಲೀಸಾಗಿ ಓಡುತ್ತಿತ್ತು, ಅಷ್ಟೇ. ಮಗುವಿನ ಸ್ನಾನ, ಶಾಲೆ, ಜ್ವರ, ಹಟ ಎಲ್ಲಕ್ಕೂ ಅತ್ತೆ ಇದ್ದಳು. ಈಗ ನಾದಿನಿ ಎರಡನೆಯ ಬಾರಿ ಬಸುರಿಯಾಗಿದ್ದಳು.

ಹೊರಡುವಾಗ ತಮ್ಮ, “ಹಾಸ್ಟೆಲ್ ಸಿಕ್ಕಿದೆಯಾ?” ಎಂದು ಕೇಳಿದ್ದ. “ಸಿಕ್ಕಿದೆ,” ಎಂದಿದ್ದಳು. ಸಿಕ್ಕಿಲ್ಲ ಎಂದಿದ್ದರೆ ಅವನು ಚೀಲವನ್ನು ಕಸಿದು ಒಳಗಿಡುತ್ತಿದ್ದ, ಅದೂ ಪ್ರೀತಿಯಿಂದಲೇ. ಅವಳನ್ನು ಮನೆಯಲ್ಲಿ ಕಟ್ಟಿಹಾಕಿದ್ದು ಆ ಪ್ರೀತಿಯೇ. ಈ ಊರಲ್ಲಿ ತಲೆಯಿಡಲು ಜಾಗ ಸಿಕ್ಕಿದರೆ ಅವಳ ಕೈಯಲ್ಲಿ ಒಂದು ಕಸುಬು. ಸಿಗದಿದ್ದರೆ ಮತ್ತೆ ಅದೇ ಮನೆ, ಅದೇ ಸೌಟು, ಹೊಸ ತೊಟ್ಟಿಲು.

ಈ ದೊಡ್ಡ ಊರಿನ ಗೋಡೆಗೋಡೆಗೂ ‘ಬಾಡಿಗೆಗಿದೆ’ ಎಂಬ ಬೋರ್ಡು ಇರುತ್ತದೆ. ಯಾರಿಗಿಲ್ಲ ಎಂಬುದನ್ನು ಮಾತ್ರ ಅದರಲ್ಲಿ ಬರೆಯುವುದಿಲ್ಲ. ಅದನ್ನು ಹೇಳಲು ಬಾಗಿಲಲ್ಲಿ ಒಬ್ಬರನ್ನು ನಿಲ್ಲಿಸಿರುತ್ತಾರೆ. ಹತ್ತು ಭಾಷೆಯ, ಹತ್ತು ಬಣ್ಣದ ಜನ ಒಂದೇ ಬಸ್ಸಿನಲ್ಲಿ ಒಬ್ಬರ ಬೆವರನ್ನು ಇನ್ನೊಬ್ಬರು ಒರೆಸಿಕೊಂಡು ಹೋಗುವ ಊರು ಎಂದು ಇಲ್ಲಿಯವರು ಎದೆಯುಬ್ಬಿಸಿ ಹೇಳುತ್ತಾರೆ. ಬಸ್ಸಿನಿಂದಿಳಿದು ಬಾಗಿಲು ತಟ್ಟಿ ನೋಡಿ, ಆಗ ಗೊತ್ತಾಗುತ್ತದೆ ಎದೆ ಎಷ್ಟು ಅಗಲ ಎಂದು.

ಮೊದಲು ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಹೋದಳು. ವಾರ್ಡನ್ ಕನ್ನಡಕ ಜಾರಿಸಿಕೊಂಡು ನೋಡಿದಳು.

“ಮಗಳನ್ನ ಯಾಕೆ ಕರ್ಕೊಂಡು ಬರಲಿಲ್ಲ?”

“ಮಗಳಲ್ಲ ಮೇಡಂ, ನಾನೇ ಓದೋದು.”

“ಇದು ಹುಡುಗಿಯರ ಹಾಸ್ಟೆಲ್ ಅಮ್ಮ. ಹೆಂಗಸರ ಹಾಸ್ಟೆಲ್ ಅಲ್ಲ.”

“ಹುಡುಗಿ ಹೆಂಗಸಾಗೋದು ಯಾವ ವಯಸ್ಸಿಗೆ ಅಂತ ಏನಾದ್ರೂ ಇದೆಯಾ?”

“ಇದೆ,” ಎಂದಳು ವಾರ್ಡನ್, ಸ್ವಲ್ಪವೂ ನಗದೆ. “ಹೀಗೆ ಎದುರು ಮಾತಾಡೋ ವಯಸ್ಸಿಗೆ.”

ಕೆಲಸಕ್ಕೆ ಹೋಗುವ ಹೆಂಗಸರ ವಸತಿಗೃಹದವರು ಕೆಲಸದ ಗುರುತುಚೀಟಿ ಕೇಳಿದರು. ವಿದ್ಯಾರ್ಥಿನಿಗೆ ಅದೆಲ್ಲಿಂದ ಬರಬೇಕು? ಮನೆಯ ಒಂದು ಭಾಗ ಬಾಡಿಗೆಗೆ ಕೊಡುವ ಸಂಸಾರಸ್ಥರಲ್ಲಿ ಒಬ್ಬಾಕೆ ಬಾಗಿಲನ್ನು ಗೇಣಗಲ ತೆರೆದು, “ಯಜಮಾನರು ಎಲ್ಲಿ?” ಎಂದಳು. ಇಲ್ಲ ಎಂದಾಗ, “ಇಲ್ಲ ಅಂದ್ರೆ ತೀರಿಕೊಂಡ್ರಾ, ಬಿಟ್ಟು ಹೋದ್ರಾ?” ಎಂದಳು. ಇಲ್ಲವೇ ಇಲ್ಲ, ಇರಲೇ ಇಲ್ಲ ಎಂದಾಗ ಬಾಗಿಲು ಗೇಣಿನಿಂದ ಬೆರಳಗಲಕ್ಕೆ ಬಂತು. ಇನ್ನೊಂದು ಮನೆಯ ಯಜಮಾನ ಬಹಳ ಸಜ್ಜನ. ಕೂರಿಸಿದ, ನೀರು ಕೊಟ್ಟ, ಕೋಣೆ ತೋರಿಸಿದ. ಕಿಟಕಿಯಿದ್ದ ಕೋಣೆ, ಮೇಜು ಬೇರೆ. ಆಮೇಲೆ ಅವನ ಹೆಂಡತಿ ಒಳಗಿನಿಂದ ಬಂದು, “ಬಾಡಿಗೆ ಏನೂ ಬೇಡ ಬಿಡಿ. ನಮ್ಮತ್ತೆಯೋರು ಹಾಸಿಗೆ ಹಿಡಿದಿದ್ದಾರೆ. ಬೆಳಿಗ್ಗೆ ಸಂಜೆ ಸ್ವಲ್ಪ ಅವರನ್ನ ನೋಡ್ಕೊಂಡು, ಎರಡು ಹೊತ್ತು ಒಲೆ ಹಚ್ಚಿದ್ರೆ ಸಾಕು. ನಿಮ್ಮ ಮನೆ ಅಂದ್ಕೊಳ್ಳಿ,” ಎಂದಳು.

ನಿಮ್ಮ ಮನೆ ಎಂದರೇನು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎದ್ದು ಕೈ ಮುಗಿದು ಬಂದಳು. ನೋಡಿ, ಒಂಟಿ ಹೆಂಗಸಿಗೆ ಈ ಜಗತ್ತು ಬಾಗಿಲು ತೆರೆಯುವುದೇ ಇಲ್ಲವೆಂದಲ್ಲ. ಅಡುಗೆಮನೆಯ ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ.

ಕೊನೆಗೆ ಸಿಕ್ಕಿದ್ದು ಕಾಲೇಜಿನ ಹಿಂದಿನ ಚಹಾ ಅಂಗಡಿಯ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯಿಂದ. ‘ಹೆಂಗಸರಿಗೆ ರಾತ್ರಿ ಮಲಗಲು ಜಾಗವಿದೆ’ ಎಂದಷ್ಟೇ ಬರೆದಿತ್ತು. ವಿಳಾಸ ಹುಡುಕಿಕೊಂಡು ಹೋದರೆ ಹಳೆಯ ಕಟ್ಟಡವೊಂದರ ಮೆಟ್ಟಿಲ ಬುಡದಲ್ಲಿ ಬೀಗದ ಕೀ ಮಾಡುವವನೊಬ್ಬ ಕೂತಿದ್ದ. ಮೇಲೆ ಪರದೆ ಹೊಲಿಯುವವಳ ಅಂಗಡಿ. ಆಸ್ಪತ್ರೆ, ಹೋಟೆಲು, ಆಫೀಸುಗಳ ಕಿಟಕಿಗೆ ಪರದೆ ಹೊಲಿದು ಹಾಕಿಬರುವುದು ಆಕೆಯ ಕಸುಬು. ದಪ್ಪ ಹೆಂಗಸು, ಬಾಯಲ್ಲಿ ಸದಾ ಗುಂಡುಸೂಜಿ. ಅಂಗಡಿಯ ಹಿಂದೆ ಪ್ಲೈವುಡ್ ಅಡ್ಡ ನಿಲ್ಲಿಸಿ ಒಂದು ಗೂಡು ಮಾಡಿದ್ದಳು. ಅದರಲ್ಲಿ ಒಂದು ಮಂಚ, ಮಂಚದ ಸುತ್ತ ಸೂರಿನವರೆಗೆ ಬಟ್ಟೆಯ ಥಾನುಗಳು. ಮಗ್ಗುಲು ಬದಲಿಸಬೇಕೆಂದರೆ ಎದ್ದು ಕೂತು, ಯೋಚನೆ ಮಾಡಿ, ಮತ್ತೆ ಮಲಗಬೇಕು.

ಪರದೆಯವಳು ಸೂಜಿಗಳನ್ನು ಬಾಯಿಂದ ತೆಗೆದು ನಿಯಮ ಹೇಳಿದಳು.

“ಮಂಚ ಒಂದೇ. ಹಗಲು ಒಬ್ಬಳು ಮಲಗ್ತಾಳೆ, ಬ್ರೆಡ್ ಕಾರ್ಖಾನೆಯೋಳು, ರಾತ್ರಿ ಪಾಳಿ. ಅವಳು ಬೆಳಿಗ್ಗೆ ಬರೋಷ್ಟರಲ್ಲಿ ನೀನು ಹೊರಟಿರಬೇಕು. ನೀನು ಸಂಜೆ ಬರೋಷ್ಟರಲ್ಲಿ ಅವಳು ಹೋಗಿರ್ತಾಳೆ. ಕಟ್ಟಡದ ಮಾಲೀಕ ಒಂದು ತಲೆಗೆ ಒಪ್ಪಿರೋದು, ಎರಡು ತಲೆ ಒಟ್ಟಿಗೆ ಕಂಡ್ರೆ ನನ್ನ ತಲೇನೂ ಸೇರಿಸಿ ಹೊರಗೆ ಹಾಕ್ತಾನೆ.”

“ಯಾರಾದ್ರೂ ಹುಷಾರಿಲ್ದೆ ಎದ್ದೇಳದಿದ್ರೆ?”

“ಚಪ್ಪಲಿ ನೋಡೋದು. ಗೂಡಿನ ಬಾಗಿಲ ಮುಂದೆ ಚಪ್ಪಲಿ ಇದ್ರೆ ಒಳಗೆ ಜನ ಇದ್ದಾರೆ ಅಂತ. ತಟ್ಟಬಾರದು, ಕೂಗಬಾರದು. ಹಿಂದೆ ಇದ್ದ ಇಬ್ಬರು ತಟ್ಟಿ ತಟ್ಟಿ ಜುಟ್ಟು ಹಿಡ್ಕೊಂಡು ಹೊಡೆದಾಡಿದ್ರು. ಅವತ್ತಿಂದ ಈ ಕಾನೂನು.”

“ಅವಳಿಗೆ ನಮ್ಮ ಮಾತು ಬರುತ್ತಾ?”

“ಅವಳ ಭಾಷೆ ಬೇರೆ, ದೇಶ ಬೇರೆ. ಅರ್ಧಂಬರ್ಧ ಕಲ್ತಿದ್ದಾಳೆ. ಅಲ್ಲ ಕಣೇ, ಮಲಗೋಕೆ ಭಾಷೆ ಯಾಕೆ?”

“ನೀವು ಎಲ್ಲಿ ಮಲಗ್ತೀರಿ?”

ಪರದೆಯವಳು ಬಟ್ಟೆ ಕತ್ತರಿಸುವ ಮೇಜನ್ನು ತೋರಿಸಿದಳು. “ಇದರ ಮೇಲೆ. ಒಂದೊಂದು ಸಲ ಕತ್ತರಿ ಪಕ್ಕಕ್ಕಿಡೋದು ಮರೆತಿರ್ತೀನಿ.”

ಹೀಗೆ ಬುದ್ಧಿಹಲ್ಲಿಗೆ ಅರ್ಧ ಹಾಸಿಗೆ ಸಿಕ್ಕಿತು. ಅಂದು ಸಂಜೆ ತಮ್ಮ ಫೋನು ಮಾಡಿ, “ಹಾಸ್ಟೆಲಲ್ಲಿ ರೂಮಿಗೆ ಎಷ್ಟು ಜನ?” ಎಂದು ಕೇಳಿದಾಗ, “ಇಬ್ಬರು,” ಎಂದಳು. ಸುಳ್ಳಿನೊಳಗೆ ಹೇಗೋ ಒಂದು ನಿಜ ಸೇರಿಕೊಂಡದ್ದಕ್ಕೆ ಅವಳಿಗೇ ಸಮಾಧಾನವಾಯಿತು.

ಆ ಇನ್ನೊಬ್ಬಳನ್ನು ಅವಳು ನೋಡಲೇ ಇಲ್ಲ. ನೋಡದೆಯೇ ಗೊತ್ತಾಗತೊಡಗಿದಳು. ಸಂಜೆ ಬಂದು ದಿಂಬಿಗೆ ತಲೆ ಕೊಟ್ಟರೆ ಹುಳಿಬಂದ ಹಿಟ್ಟಿನ ವಾಸನೆ. ಹೊದಿಕೆಯ ಮಡಿಕೆಯಲ್ಲಿ ಒಂದಿಷ್ಟು ಹಿಟ್ಟಿನ ಪುಡಿ. ತಾನು ಬಿಟ್ಟುಹೋಗುವ ಪ್ಲಾಸ್ಟರ್ ಪುಡಿಯೂ ಹೀಗೆಯೇ ಬೆಳ್ಳಗೆ ಇರುತ್ತದಲ್ಲ, ಯಾವುದು ಯಾರದೆಂದು ಇಬ್ಬರಿಗೂ ತಿಳಿಯಲಿಕ್ಕಿಲ್ಲ ಎನಿಸಿ ನಗು ಬರುತ್ತಿತ್ತು. ಹೊದಿಕೆಯನ್ನು ಆಕೆ ನಾಲ್ಕು ಮಡಿಕೆ ಮಾಡಿ ಕಾಲ ಕಡೆ ಇಡುತ್ತಿದ್ದಳು. ಇವಳು ದಿಂಬಿನ ಮೇಲಿಡುತ್ತಿದ್ದಳು. ಸ್ವಲ್ಪ ದಿನಕ್ಕೆ ಇವಳೂ ಕಾಲ ಕಡೆಗೆ ಇಡತೊಡಗಿದಳು. ಅದೇ ಹೊತ್ತಿಗೆ ಆಕೆ ದಿಂಬಿನ ಮೇಲಿಡಲು ಶುರುಮಾಡಿದ್ದಳು. ಇಬ್ಬರ ನಡುವೆ ನಡೆದ ಸಂಭಾಷಣೆ ಎಂದರೆ ಇಷ್ಟೇ.

ರಜೆಯ ದಿನಗಳೇ ಕಷ್ಟ. ಕಾಲೇಜಿಲ್ಲದ ಹಗಲು ಅವಳಿಗೆ ಮನೆಯಿಲ್ಲ. ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ ಅದೇ ಬಸ್ಸಿನಲ್ಲಿ ವಾಪಸು ಬರುತ್ತಿದ್ದಳು. ಗ್ರಂಥಾಲಯದಲ್ಲಿ ತೂಕಡಿಸಿದರೆ ಕಾವಲುಗಾರ ಮೇಜು ಕುಟ್ಟುತ್ತಿದ್ದ. ದೊಡ್ಡ ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಕೂತರೆ ಮಾತ್ರ ಯಾರೂ ಎಬ್ಬಿಸುತ್ತಿರಲಿಲ್ಲ. ಕಾಯುವವರಿಗೆ ಈ ಊರಲ್ಲಿ ಗೌರವ ಇರುವ ಜಾಗ ಅದೊಂದೇ. ಅಲ್ಲಿ ಕೂತು ಮೇಣದ ಹಲ್ಲು ಕೆತ್ತುತ್ತಿದ್ದಳು. ಬಾಚಿಹಲ್ಲಿನ ಅಂಚು ಎಷ್ಟು ದುಂಡಗಿರಬೇಕು, ಕೋರೆಹಲ್ಲಿನ ತುದಿ ಎಷ್ಟು ಮೊಂಡಾಗಿರಬೇಕು ಎಂದು ಎದುರು ಕೂತವರು ಆಕಳಿಸುವುದನ್ನೇ ಕಾದು ನೋಡುತ್ತಿದ್ದಳು. ಪಕ್ಕದಲ್ಲಿ ಕೂತ ಮುದುಕಿಯೊಬ್ಬಳು ಒಮ್ಮೆ, “ನಿಂಗೇನಮ್ಮ ಕಾಯಿಲೆ?” ಎಂದು ಕೇಳಿದಳು. “ಇನ್ನೂ ಗೊತ್ತಾಗಿಲ್ಲ,” ಎಂದಳು ಇವಳು.

ಚಳಿ ಶುರುವಾದಾಗ ಒಂದು ದಿನ ನಿಜಕ್ಕೂ ಜ್ವರ ಬಂತು. ಏಳಲಾಗಲಿಲ್ಲ. ಬಾಗಿಲ ಮುಂದೆ ಅವಳ ಚಪ್ಪಲಿ ಹಾಗೆಯೇ ಇತ್ತು. ಬೆಳಿಗ್ಗೆ ಹೊರಗೆ ಹೆಜ್ಜೆ ಸಪ್ಪಳ ಬಂದು, ನಿಂತು, ತಿರುಗಿ ಹೋದದ್ದು ಕೇಳಿಸಿತು. ಕರೆಯಬೇಕೆನಿಸಿತು. ಕರೆದು ಏನೆನ್ನುವುದು? ಇಬ್ಬರಿಗೆ ಅಲ್ಲಿ ಜಾಗವೆಲ್ಲಿ? ಸಂಜೆ ಬಾಗಿಲು ತೆಗೆದಾಗ ಚಿಲಕಕ್ಕೆ ಒಂದು ಪೊಟ್ಟಣ ಜೋತುಬಿದ್ದಿತ್ತು. ಒಳಗೆ ಎರಡು ಬನ್ನು. ಅವನ್ನು ತಿನ್ನುತ್ತಾ, ಕಾರಣ ತಿಳಿಯದೆ ಬಹಳ ಅತ್ತಳು. ಆ ಊರಿಗೆ ಬಂದ ಮೇಲೆ ಯಾರಾದರೂ ಅವಳಿಗೆಂದು ಬಾಗಿಲಿಗೆ ಏನನ್ನಾದರೂ ತಂದಿಟ್ಟದ್ದು ಅದೇ ಮೊದಲು. ಒಂದು ಮಾತು ಹೇಳಬೇಕು ಎಂದುಕೊಂಡಳು. ಪರೀಕ್ಷೆ ಹತ್ತಿರವಾಗುತ್ತಿತ್ತು, ದಿನಗಳು ಹೋದವು, ಹೇಳಲಿಲ್ಲ.

ಪರೀಕ್ಷೆಗೆ ಮುಂಚಿನ ಕೊನೆಯ ಪ್ರಾಯೋಗಿಕ ತರಗತಿಗಳು ನಡೆಯುತ್ತಿದ್ದವು. ಒಂದು ಸಂಜೆ, ಪಕ್ಕದೋರನ್ನ ತಳ್ಳುತ್ತೆ ಎಂದು ಅಣಕಿಸಿದ್ದ ಆ ಪಕ್ಕದ ಹುಡುಗನ ಕೈಯಿಂದ ಬೋಗುಣಿ ಜಾರಿ, ಕಲಸಿದ ಪ್ಲಾಸ್ಟರ್ ಪೂರ್ತಿ ಅವಳ ಚಪ್ಪಲಿಯ ಮೇಲೆ ಬಿತ್ತು. ಮನೆಗೆ ಬರುವಷ್ಟರಲ್ಲಿ ಕಲ್ಲಾಗಿತ್ತು. ಬೆಳಿಗ್ಗೆ ಬೇಗನೆದ್ದು ನಲ್ಲಿಯಡಿ ಕೆರೆದು ಕೆರೆದು ತೊಳೆದಳು. ಒದ್ದೆ ಚಪ್ಪಲಿಯನ್ನು ಒಳಗೆ ಇಡುವಂತಿರಲಿಲ್ಲ. ಥಾನುಗಳಿಗೆ ಒಂದು ಹನಿ ತಗಲಿದರೂ ಪರದೆಯವಳು ಸೂಜಿ ನುಂಗಿಬಿಡುತ್ತಿದ್ದಳು. ಹಾಗಾಗಿ ಬಾಗಿಲ ಮುಂದೆ ಗೋಡೆಗೆ ಒರಗಿಸಿಟ್ಟು, ಪ್ರಾಯೋಗಿಕ ಪರೀಕ್ಷೆಗೆಂದು ಕೊಂಡಿದ್ದ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಾಲೇಜಿಗೆ ಓಡಿದಳು. ಪರದೆಯವಳು ಅಂದು ಊರಾಚೆಯ ಆಸ್ಪತ್ರೆಯೊಂದಕ್ಕೆ ಪರದೆ ಹಾಕಲು ಹೋಗಿದ್ದಳು. ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಸಂಜೆ ಬಂದಾಗ ಚಪ್ಪಲಿ ಒಣಗಿತ್ತು. ಹಾಸಿಗೆ ಅವಳು ಬಿಟ್ಟುಹೋದ ಹಾಗೆಯೇ ಇತ್ತು. ಇಂದು ಬ್ರೆಡ್ಡಿನವಳಿಗೆ ರಜೆಯಿರಬೇಕು ಎಂದುಕೊಂಡು ಮಲಗಿದಳು. ಮರುದಿನವೂ ಹಾಸಿಗೆ ಹಾಗೆಯೇ. ಅಂದು ಸಂಜೆ ಮೆಟ್ಟಿಲ ಬುಡದಲ್ಲಿ ಪರದೆಯವಳು ಕೀ ಮಾಡುವವನ ಜೊತೆ ತಾರಕಸ್ವರದಲ್ಲಿ ಮಾತಾಡುತ್ತಿದ್ದಳು.

“ಕೇಳಿದ್ಯೇನೇ, ನಮ್ಮ ಬ್ರೆಡ್ಡಿನೋಳು ಕೈ ಸುಟ್ಕೊಂಡಿದ್ದಾಳೆ. ಒಲೆಯಿಂದ ಬಂದ ತಟ್ಟೆನ ನಿದ್ದೆಗಣ್ಣಲ್ಲಿ ಬರೀ ಕೈಯಲ್ಲಿ ಹಿಡಿದಳಂತೆ. ಹಿಂದಿನ ಹಗಲು ಒಂದು ರೆಪ್ಪೆ ಮುಚ್ಚಿಲ್ಲವಂತೆ.”

“ಎಲ್ಲಿ ಮುಚ್ತಾಳೆ?” ಎಂದ ಕೀ ಮಾಡುವವನು. “ಬೆಳಿಗ್ಗೆಯಿಂದ ಸಂಜೆವರೆಗೂ ಇದೇ ಮೆಟ್ಟಿಲ ಮೇಲೆ ಕೂತಿದ್ಲು. ನಾನೇ ಕೇಳ್ದೆ, ಯಾಕವ್ವಾ, ಕೀ ಕಳ್ಕೊಂಡ್ಯಾ, ಮಾಡ್ಕೊಡ್ಲಾ ಅಂತ. ಕೀ ತೋರಿಸಿದ್ಲು. ‘ಅಕ್ಕ ಮಲಗಿದ್ದಾಳೆ’ ಅಂದ್ಲು.”

ಗೋಡೆಗೆ ಒರಗಿಸಿಟ್ಟಿದ್ದ ಒದ್ದೆ ಚಪ್ಪಲಿ ಬುದ್ಧಿಹಲ್ಲಿಗೆ ನೆನಪಾಯಿತು.

ಪರದೆಯವಳು ಅವಳ ಕಡೆ ತಿರುಗಿದಳು. “ಹುಷಾರಿರಲಿಲ್ವಾ ನಿಂಗೆ ಅವತ್ತು?”

ಒಂದು ಕ್ಷಣ ಸಾಕಿತ್ತು ಇಲ್ಲ ಎನ್ನಲು. ಆ ಕ್ಷಣದಲ್ಲಿ ಅವಳಿಗೆ ಚೀಲ ಕಂಡಿತು, ರೈಲು ನಿಲ್ದಾಣ ಕಂಡಿತು, ತಮ್ಮನ ಮನೆಯ ತೊಟ್ಟಿಲು ಕಂಡಿತು.

“ಹೂಂ,” ಎಂದಳು. “ತಲೆನೋವು.”

“ಪಾಪ, ಅವಳ ಗ್ರಹಚಾರ. ಆಸ್ಪತ್ರೆಲಿದ್ದಾಳೆ, ಕೈ ವಾಸಿಯಾಗೋ ತನಕ ಕಾರ್ಖಾನೆಯೋರು ಬರಬೇಡ ಅಂದಿದ್ದಾರೆ. ನಿಂಗೆ ಓದೋ ರಜೆ ಶುರುವಾಗುತ್ತೆ ಅಂದಿದ್ಯಲ್ಲ? ಹಗಲೂ ಇಲ್ಲೇ ಬಿದ್ದಿರು, ಓದ್ಕೋ. ಖಾಲಿ ಮಂಚ ಇಟ್ಕೊಂಡು ನಾನೇನು ಪೂಜೆ ಮಾಡ್ಲಾ?”

ಹೀಗೆ ಪೂರ್ತಿ ಹಾಸಿಗೆ ಅವಳದಾಯಿತು. ಓದುವ ರಜೆಯ ಹಗಲುಗಳನ್ನು ಎಲ್ಲಿ ಕಳೆಯುವುದೆಂದು ತಿಂಗಳುಗಟ್ಟಲೆ ಅವಳನ್ನು ಕೊರೆಯುತ್ತಿದ್ದ ಚಿಂತೆ ಒಬ್ಬಳ ಅಂಗೈ ಸುಟ್ಟು ಪರಿಹಾರವಾಯಿತು. ಮನುಷ್ಯರ ಅನುಕೂಲಗಳೆಲ್ಲ ಬಹುಮಟ್ಟಿಗೆ ಹೀಗೆಯೇ ಬರುತ್ತವೆ. ಯಾರ ಕೈ ಎಂದು ಗೊತ್ತಾಗದಷ್ಟು ದೂರದಿಂದ ಬಂದರೆ ಅದನ್ನು ಅದೃಷ್ಟ ಎನ್ನುತ್ತೇವೆ. ಇವಳಿಗೆ ಆ ದೂರವೂ ಇರಲಿಲ್ಲ. ಆ ಕೈಯವಳು ತಲೆಯಿಟ್ಟ ದಿಂಬಿನ ಮೇಲೇ ಇವಳೂ ತಲೆಯಿಟ್ಟಿದ್ದಳು.

ಅವಳು ಓದಿದಳು. ಓದಲಿಲ್ಲ ಎಂದರೆ ಸುಳ್ಳಾಗುತ್ತದೆ. ದವಡೆಯ ಅಳತೆ, ಮೇಣದ ಕಾವು, ಮೇಲಿನ ಕೆಳಗಿನ ಹಲ್ಲುಗಳು ಕಚ್ಚಿ ಕೂಡುವ ರೀತಿ ಎಲ್ಲವನ್ನೂ ಬಾಯಿಪಾಠ ಮಾಡಿದಳು. ಆಸ್ಪತ್ರೆಗೆ ಹೋಗಿ ನೋಡಿಬರೋಣ ಎಂದು ದಿನವೂ ಎಣಿಸಿದಳು. ಯಾರನ್ನೆಂದು ಕೇಳುವುದು? ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು. ಪರದೆಯವಳನ್ನು ಕೇಳಿದ್ದರೆ ಒಂದು ನಿಮಿಷದ ಕೆಲಸ. ಕೇಳಲಿಲ್ಲ.

ಲಿಖಿತ ಪರೀಕ್ಷೆಯ ಹಿಂದಿನ ಸಂಜೆ. ಬಾಗಿಲು ಅರೆತೆರೆದು, ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಹೊರಗೆ ಯಾರೋ ಬಂದು ನಿಂತ ಹಾಗಾಯಿತು. ತಟ್ಟಲಿಲ್ಲ. ಎದ್ದು ಹೋಗಿ ನೋಡಿದರೆ ಗೋಡೆಗೆ ಆತು ಒಬ್ಬ ಹೆಂಗಸು ನಿಂತಿದ್ದಳು. ಇಷ್ಟು ದಿನ ಅವಳ ಮನಸ್ಸಿನಲ್ಲಿದ್ದ ಬ್ರೆಡ್ಡಿನವಳು ಚಿಕ್ಕ ಹುಡುಗಿ. ಎದುರಿಗಿದ್ದವಳು ಅವಳಿಗಿಂತ ಹತ್ತು ವರ್ಷ ದೊಡ್ಡವಳು, ನೆತ್ತಿಯ ಮೇಲೆ ನರೆ. ಬಲಗೈಗೆ ಮೊಣಕೈವರೆಗೂ ಬಿಳಿಯ ಕಟ್ಟು.

“ಅಕ್ಕ?” ಎಂದಳು ಆಕೆ.

ತನಗಿಂತ ಹಿರಿಯಳು ಅಕ್ಕ ಎಂದದ್ದು ಕೇಳಿ ಇವಳು ಬಾಗಿಲನ್ನು ಪೂರ್ತಿ ತೆರೆದಳು. “ಬನ್ನಿ, ಬನ್ನಿ ಒಳಗೆ,” ಎಂದಳು, ಮನೆಯೊಡತಿಯ ಹಾಗೆ. ಹಾಗೆಂದದ್ದಕ್ಕೆ ನಾಚಿಕೆಯಾಯಿತು.

ಆಕೆ ಹೊಸಿಲ ಮೇಲೇ ನಿಂತು ಗೂಡಿನೊಳಗೆ ಕಣ್ಣಾಡಿಸಿದಳು, ತನ್ನದೇ ಜಾಗವನ್ನು ದೀಪದ ಬೆಳಕಿನಲ್ಲಿ ಮೊದಲ ಸಲ ನೋಡುವವಳಂತೆ. “ನನ್ನ ಪೆಟ್ಟಿಗೆ. ಮಂಚದ ಕೆಳಗೆ. ತಗೊಂಡು ಹೋಗೋಣ ಅಂತ,” ಎಂದು ಒಂದೊಂದೇ ಮಾತನ್ನು ಆರಿಸಿ ಆರಿಸಿ ಹೇಳಿದಳು.

“ಎಲ್ಲಿಗೆ ಹೋಗ್ತೀರಿ?”

ಆಕೆ ಎಡಗೈಯನ್ನು ಗಾಳಿಯಲ್ಲಿ ಆಡಿಸಿದಳು. ಆ ಕೈಯಾಟದಲ್ಲಿ ಊರು ಪೂರ್ತಿ ಇತ್ತು, ಒಂದು ಜಾಗವೂ ಇರಲಿಲ್ಲ. ಆಮೇಲೆ ಇವಳ ಮುಖವನ್ನೇ ನೋಡಿ, “ಈಗ ಹುಷಾರಾ? ಅವತ್ತು ಜ್ವರ ಜಾಸ್ತಿ ಇತ್ತಾ? ಹೋದ ಸಲದ ಹಾಗೆ ಅಂದ್ಕೊಂಡೆ. ಅದಕ್ಕೇ ನಾನು ತಟ್ಟಲಿಲ್ಲ,” ಎಂದಳು.

ಹೂಂ ಎಂದುಬಿಟ್ಟರೆ ಮುಗಿಯಿತು. ಪೆಟ್ಟಿಗೆಯನ್ನು ಎಳೆದು ಕೊಟ್ಟು, ಕೆಳಗಿನವರೆಗೂ ತಂದು ಬಿಟ್ಟು, ಬೇಗ ವಾಸಿಯಾಗಲಿ ಎಂದರೆ ಒಳ್ಳೆಯವಳು ಎನಿಸಿಕೊಂಡು ಪರೀಕ್ಷೆಗೂ ಹೋಗಬಹುದಿತ್ತು. ಪರದೆಯವಳ ಮುಂದೆ ಸಲೀಸಾಗಿ ಬಂದ ಸುಳ್ಳು ಈ ಮುಖದ ಮುಂದೆ ಬರಲಿಲ್ಲ.

“ಜ್ವರ ಇರಲಿಲ್ಲ,” ಎಂದಳು. “ಚಪ್ಪಲಿ ತೊಳೆದು ಒಣಗೋಕೆ ಇಟ್ಟಿದ್ದೆ. ಮರೆತೆ. ನಾನು ಒಳಗೆ ಇರಲಿಲ್ಲ.”

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಭಾಷೆಯದೋ, ಸಂಗತಿಯದೋ ತಡ.

“ಒಳಗೆ ಯಾರೂ ಇಲ್ಲ?”

“ಯಾರೂ ಇರಲಿಲ್ಲ.”

“ಮಂಚ ಖಾಲಿ?”

“ಖಾಲಿ.”

“ನಾನು ಇಡೀ ದಿನ ಮೆಟ್ಟಿಲ ಮೇಲೆ…” ಎಂದು ಆಕೆ ನಿಲ್ಲಿಸಿದಳು. ಬಯ್ಯುತ್ತಾಳೆ ಎಂದುಕೊಂಡಳು ಇವಳು. ಬಯ್ಯಲಿ ಎಂದು ಬೇಡಿಕೊಂಡಳು. ಆಕೆ ತನ್ನ ಭಾಷೆಯಲ್ಲಿ ಏನೋ ಒಂದು ಮಾತು ಹೇಳಿದಳು, ಗಟ್ಟಿಯಾಗಿಯೂ ಅಲ್ಲ. ಬಯ್ಗುಳವೋ, ನಿಟ್ಟುಸಿರೋ, ಯಾವುದೋ ಊರಿನ ಯಾವುದೋ ತಾಯಿಯ ಹೆಸರೋ, ಇವಳಿಗೆ ಎಂದಿಗೂ ಗೊತ್ತಾಗಲಿಲ್ಲ. ಆಮೇಲೆ ಒಳಗೆ ಬಂದು ಪುಸ್ತಕಗಳನ್ನು ಎಡಗೈಯಿಂದ ಒಂದು ಬದಿಗೆ ತಳ್ಳಿ ಮಂಚದ ಮೇಲೆ ಕೂತಳು.

“ಹಾಗಾದ್ರೆ ನಾನು ಹೋಗಲ್ಲ,” ಎಂದಳು. “ರಾತ್ರಿ ನಂಗೆ ಬೇಕು. ಕೈ ನೋವು, ಮಲಗಬೇಕು.”

ಮಾತು ಕೇಳಿ ಪರದೆಯವಳು ಬಂದಳು. ವಿಷಯ ತಿಳಿದು, ಇವಳನ್ನು ನೋಡಿ, “ತಲೆನೋವು ಅಂದ್ಯಲ್ಲೇ!” ಎಂದಳು. ಇವಳು ತಲೆ ತಗ್ಗಿಸಿದಳು.

“ಇಬ್ಬರಿಗೂ ರಾತ್ರಿ ಕೊಡೋಕೆ ಇದೇನು ಛತ್ರ ಅಲ್ಲ ಕಣ್ರಮ್ಮ. ಮಾಲೀಕ ನನ್ನನ್ನ ಹುರಿದು ತಿಂತಾನೆ. ಒಬ್ಬರು ಹಗಲು, ಒಬ್ಬರು ರಾತ್ರಿ, ಅಷ್ಟೇ. ಯಾರು ಯಾವುದು ನೀವೇ ತೀರ್ಮಾನ ಮಾಡ್ಕೊಳ್ಳಿ.”

“ರಾತ್ರಿ ಅವರದ್ದು,” ಎಂದಳು ಬುದ್ಧಿಹಲ್ಲು.

“ನಾಳೆ ಪರೀಕ್ಷೆ ಅಂದಿದ್ಯಲ್ಲೇ?”

“ಹೌದು.”

ಪರದೆಯವಳು ಒಂದು ಸೂಜಿಯನ್ನು ಬಾಯಿಗಿಟ್ಟುಕೊಂಡಳು. ಅವಳಿಗೆ ಮಾತು ಸಾಕೆನಿಸಿದಾಗ ಮಾಡುತ್ತಿದ್ದದ್ದು ಅದು. ಬ್ರೆಡ್ಡಿನವಳು ಬೇಡ ಎನ್ನಲಿಲ್ಲ. ನಿನ್ನ ಪರೀಕ್ಷೆ ಆಗಲಿ, ನಾನು ಹೇಗೋ ಇರುತ್ತೇನೆ ಎಂದೂ ಅನ್ನಲಿಲ್ಲ. ಯಾಕೆ ಅನ್ನಬೇಕು? ಸುಟ್ಟುಕೊಂಡವರೇ ದೊಡ್ಡಮನಸ್ಸು ಮಾಡಲಿ ಎಂದು ಕಾಯುವುದು ನಮ್ಮೆಲ್ಲರ ಹಳೆಯ ಚಾಳಿ. ಇವಳು ಪುಸ್ತಕ ಜೋಡಿಸಿಕೊಂಡು ಹೊರಡುವಷ್ಟರಲ್ಲಿ ಆಕೆ ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದಳು.

ಮರುದಿನ ಪರೀಕ್ಷೆ ಬರೆದಳು. ನಡುವೆ ಎರಡು ಸಲ ಅಕ್ಷರಗಳು ಕಲಸಿಕೊಂಡವು. ಎಚ್ಚರಾದಾಗ ಪೆನ್ನು ಕಾಗದದ ಮೇಲೆ ಒಂದು ಉದ್ದ ಗೆರೆ ಎಳೆದಿತ್ತು. ಪಾಸಾಗುವಷ್ಟು ಬರೆದೆನೋ ಇಲ್ಲವೋ ಎಂದು ಖಾತ್ರಿಯಿರಲಿಲ್ಲ. “ಏನ್ ಬುದ್ಧಿಹಲ್ಲಕ್ಕಾ, ರಾತ್ರಿಯೆಲ್ಲ ಓದಿದ್ರಾ? ಕಣ್ಣು ಕೆಂಡ ಆಗಿದೆ,” ಎಂದ ಪಕ್ಕದ ಹುಡುಗ. “ಓದ್ದೆ ಕಣೋ,” ಎಂದಳು. ಸಂಜೆ ತಮ್ಮನ ಫೋನು ಬಂತು. ನಾದಿನಿಗೆ ಹೆಣ್ಣುಮಗು. “ಪರೀಕ್ಷೆ ಮುಗಿದ ತಕ್ಷಣ ಬಂದುಬಿಡ್ತೀಯಲ್ಲ ಅಕ್ಕಾ?” ಎಂದ. “ಇನ್ನೂ ಪ್ರಾಯೋಗಿಕ ಇದೆ, ಆಮೇಲೆ ಇನ್ನೂ ಒಂದು ವರ್ಷ ಇದೆ. ಮಗೂನ ನೋಡೋಕೆ ಬರ್ತೀನಿ. ಇರೋಕೆ ಬರಲ್ಲ,” ಎಂದಳು. ಅವನು, “ಹಾಸ್ಟೆಲಲ್ಲಿ ಅಷ್ಟೊಂದು ಚೆನ್ನಾಗಿದೆಯಾ?” ಎಂದ. ಅಷ್ಟರಲ್ಲಿ ಬಸ್ಸು ಬಂತು.

ಪಾಳಿ ಬದಲಾಯಿತು. ಈಗ ಪರೀಕ್ಷೆಯಿಲ್ಲದ ಹಗಲು ಇವಳದು, ರಾತ್ರಿ ಆಕೆಯದು. ಒಂದು ಸಣ್ಣ ವ್ಯತ್ಯಾಸವೂ ಆಯಿತು. ಬಲಗೈ ಆಡದ ಆಕೆಗೆ ಜಡೆ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ಇವಳು ಬರುವವರೆಗೂ ಆಕೆ ಮಂಚದ ಅಂಚಿಗೆ ಬಾಚಣಿಗೆ ಹಿಡಿದು ಕೂತಿರುತ್ತಿದ್ದಳು. ಇವಳು ಕೈಕಾಲು ತೊಳೆದು ಬಂದು ಆಕೆಯ ಹಿಂದೆ ಕೂತು ತಲೆ ಬಾಚುತ್ತಿದ್ದಳು. ಎರಡು ತಲೆ ಒಟ್ಟಿಗೆ ಕಾಣಬಾರದೆಂಬ ಕಾನೂನನ್ನು ಪರದೆಯವಳು ಅಷ್ಟು ಹೊತ್ತಿಗೆ ಮಾತ್ರ ಕಾಣದವಳಂತೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

“ಬಿಗಿ ಆಯ್ತಾ?”

“ಇಲ್ಲ. ಇನ್ನೂ ಸ್ವಲ್ಪ ಬಿಗಿ.”

ಅವರಿಬ್ಬರ ಮಾತು ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಜಡೆ ಮುಗಿದ ಮೇಲೆ ಆಕೆ ಎದ್ದು, ಕಟ್ಟಿದ ಕೈಯ ಮೇಲೆ ಶಾಲು ಹೊದ್ದುಕೊಂಡು ಮೆಟ್ಟಿಲಿಳಿಯುತ್ತಿದ್ದಳು. ಕತ್ತಲಾಗುವವರೆಗೂ ಎಲ್ಲಿರುತ್ತೀರಿ ಎಂದು ಇವಳು ಕೇಳಲಿಲ್ಲ. ರಾತ್ರಿಯೆಲ್ಲ ಎಲ್ಲಿದ್ದೆ ಎಂದು ಆಕೆಯೂ ಕೇಳಲಿಲ್ಲ.